ಜ್ವರಕ್ಕೆ ಕೂತ ಡ್ರೈವ್

ಮೊನ್ನೆ ಹಳೆಯ ಟ್ರಂಕು ತೆರೆದೆ. ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಾಗಿದ್ದರೆ ಸೀನುತ್ತಿದ್ದರು, ನಾನು ಬಲಗೈ ಹೆಬ್ಬೆರಳು ನೋಡಿಕೊಂಡೆ. ತಳದಲ್ಲಿ ಅಂಗೈಯಗಲದ ಕಪ್ಪು ಫ್ಲಾಪಿ! ಅದರ ಸಂಗತಿ ಹೇಳಿದರೆ ನೀವೂ ನನ್ನ ಹೆಬ್ಬೆರಳನ್ನು ಗೌರವದಿಂದ ನೋಡುತ್ತೀರಿ.

ಎಂಬತ್ತರ ದಶಕದ ಕೊನೆ. ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮಾಲೂರಿನ ಚಿಕ್ಕಪ್ಪ, ಮುಚ್ಚಿಹೋದ ಯಾವುದೋ ಕಾರ್ಖಾನೆಯ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು ಅಕ್ಕನಿಗೆ ಕೊಟ್ಟರು. ಅದಕ್ಕೆ ಜಾಗ ಸಿಕ್ಕಿದ್ದು ರೇಷ್ಮೆ ಹುಳದ ಕೋಣೆಯಲ್ಲಿ, ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ. ಅಕ್ಕ ಅದರೊಳಗೂ ಹುಳವನ್ನೇ ಸಾಕಿದಳು. ಅವಳೇ ಬರೆದ ಆಟ, ಹಸಿರು ಪರದೆಯ ಮೇಲೆ ಚುಕ್ಕಿಗಳ ಹುಳ. ಗುಂಡಿ ಒತ್ತಿದರೆ ಸೊಪ್ಪು ಬೀಳುತ್ತದೆ, ಹುಳ ತಿಂದು ಬೆಳೆದು ಕೊನೆಗೆ ಗೂಡು ಕಟ್ಟುತ್ತದೆ.

"ಸೋಮವಾರ ಮರಿಹುಳ ತರ್ತೀನಿ, ಕೋಣೆ ಬೇಕು" ಎಂದರು ಅಪ್ಪ. "ಭಾನುವಾರ ನಡೆಸಿ ತೋರ್ಸು. ನಡೆದ್ರೆ ಅಟ್ಟ ಖಾಲಿ ಮಾಡಿ ಕೊಡ್ತೀನಿ. ಇಲ್ದಿದ್ರೆ ವಾಪಸ್ ಮಾಲೂರಿಗೆ."

ಅಕ್ಕ ಬೀದಿಯವರನ್ನೆಲ್ಲ ಕರೆದೇಬಿಟ್ಟಳು! ಆದರೆ ಆಟವಿದ್ದ ಫ್ಲಾಪಿಯನ್ನು ಓದುವ ಡ್ರೈವಿನ ಗುಣ ನನಗೆ ಗೊತ್ತಿತ್ತು. ಇವತ್ತು ಓದಿದ ಫ್ಲಾಪಿಯನ್ನು ನಾಳೆ ಯಾರು ನೀನು ಎಂದು ಕೇಳುವ ಜಾತಿ. ಚಿಂತೆ ನನ್ನ ಹುಟ್ಟುಗುಣವಾದ್ದರಿಂದ ಒಂದರ ಮೇಲೊಂದು ನಕಲು ಮಾಡಿಟ್ಟಿದ್ದೆ. ಅವನ್ನು ಕೋಲಾರಕ್ಕೆ ಒಯ್ದು ಪರಿಚಯದವರ ಕಂಪ್ಯೂಟರಿಗೆ ಹಾಕಿದರೆ ಒಂದೂ ತೆರೆಯಲಿಲ್ಲ. ನಮ್ಮ ಡ್ರೈವಿನ ತಲೆ ಸ್ವಲ್ಪ ಸೊಟ್ಟ. ಅದು ಬರೆದದ್ದನ್ನು ಅದೇ ಓದಬೇಕು. ನನ್ನ ಕೈಬರಹವೂ ಅಷ್ಟೇ ಅನ್ನಿ.

ಶನಿವಾರ ಅದು ಪೂರಾ ನಿಂತಿತು. ಅಕ್ಕ ಅಳುಮುಖ ಮಾಡಿಕೊಂಡು ಹಿತ್ತಲಿಗೆ ಹೋದಳು. ಅವಳು ಮರಳಿ ಬಂದು ನೋಡಿದರೆ ಡ್ರೈವಿನ ಬಾಯಿ ತುಂಬ ಬಿಳಿ ಪುಡಿ! ಪಕ್ಕದಲ್ಲಿ ದೊಡ್ಡಮ್ಮ, ಕೈಯಲ್ಲಿ ಸುಣ್ಣದ ಜರಡಿ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ತಿನ್ನದೆ, ಕದಲದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ತಟ್ಟೆಗೆ ಸುಣ್ಣ ಉದುರಿಸುವುದು ವಾಡಿಕೆ.

"ಅಯ್ಯೋ ದೇವುಡಾ, ಹಂಗ್ಯಾಕ್ ನೋಡ್ತೀಯೇ?" ಎಂದರು ದೊಡ್ಡಮ್ಮ. "ಕದಲ್ತಾ ಇಲ್ಲ ಅಂದ್ಯಲ್ಲ, ಜ್ವರಕ್ ಕೂತಿರ್ಬೇಕು ಅಂತ ನಾನೇ ಹಾಕ್ದೆ. ನಮ್ ಹುಳಕ್ ಹಾಕಲ್ವಾ?"

ದನದ ಆಸ್ಪತ್ರೆಯಿಂದ ಸ್ಪಿರಿಟ್ಟು, ಹತ್ತಿ ತಂದೆ. ಅಕ್ಕ ಉಸಿರು ಬಿಗಿಹಿಡಿದು ಒರೆಸಿದಳು. ಭಾನುವಾರ ಬೆಳಿಗ್ಗೆ ಡ್ರೈವ್ ಎದ್ದಿತು! ಆದರೆ ಅದರ ಬಾಗಿಲ ಚಿಲಕವನ್ನು ಯಾರಾದರೂ ಅದುಮಿಯೇ ಹಿಡಿದಿರಬೇಕಿತ್ತು.

"ಲೇ, ಹೆಬ್ಬೆರಳು ತೆಗೆದ್ಯೋ, ಕೊಂದೇಬಿಡ್ತೀನಿ ಕಣೋ" ಎಂದಳು ಅಕ್ಕ.

ಕೋಣೆ ತುಂಬ ಜನ. ಸೊಪ್ಪು ಬಿತ್ತು. ಹುಳ ತಿಂದಿತು. ಹೋ ಎಂದರು! ಡ್ರೈವಿನ ಕರಕರ ಸದ್ದಂತೂ ಥೇಟ್ ಹುಳ ಸೊಪ್ಪು ತಿನ್ನುವ ಸದ್ದೇ. "ಸೊಪ್ಪು ಖಾಲಿ ಆಯ್ತಲ್ಲಮ್ಮ, ಹಾಕು ಹಾಕು" ಎಂದು ಅವಸರ ಮಾಡಿದ್ದು ಬೇರೆ ಯಾರೂ ಅಲ್ಲ, ಅಪ್ಪ. ಇನ್ನು ಗೂಡು ಕಟ್ಟುವ ಭಾಗ ಫ್ಲಾಪಿಯಿಂದ ಬರಬೇಕು, ಅಷ್ಟರಲ್ಲಿ ಸದ್ದು ನಿಂತಿತು. ಹೆಬ್ಬೆರಳು ಮರಗಟ್ಟಿದೆ, ಹಣೆಯಿಂದ ಬೆವರು ಇಳಿಯುತ್ತಿದೆ.

"ಏಮ್ರಾ, ಸತ್ತೋಯ್ತಾ?" ಎಂದ ಯಾರೋ.

"ಸುಮ್ಕಿರ್ಲಾ!" ಅಪ್ಪ ಗದರಿದರು. "ಜ್ವರಕ್ ಕೂತೈತೆ. ಯಾರೂ ಮುಟ್ಬೇಡಿ, ಮಾತಾಡ್ಬೇಡಿ. ಎದ್ದೇಳುತ್ತೆ."

ಬೀದಿಗೆ ಬೀದಿಯೇ ಉಸಿರು ಹಿಡಿಯಿತು. ಆಮೇಲೆ, ಕರ್ ಎಂದಿತು. ಕರಕರ ಎಂದಿತು! ಹುಳ ತಲೆ ಆಡಿಸುತ್ತ ತನ್ನ ಸುತ್ತ ಹಸಿರು ನೂಲು ಸುತ್ತಿಕೊಂಡಿತು. ದೊಡ್ಡಮ್ಮ "ನನ್ ಸುಣ್ಣ ನೋಡ್ರೇ!" ಎಂದು ಚಪ್ಪಾಳೆ ತಟ್ಟಿದರು. ಅಪ್ಪ ಹೊರಗೆ ಹೋಗಿ ಏಣಿ ತಂದು ಅಟ್ಟ ಹತ್ತಿದರು.

ಆ ಡ್ರೈವ್ ಗುಜರಿ ಸೇರಿ ಎಷ್ಟೋ ಕಾಲವಾಯಿತು. ಈ ಫ್ಲಾಪಿಯನ್ನು ಓದಬಲ್ಲ ಯಂತ್ರ ಇನ್ನು ಲೋಕದಲ್ಲೇ ಇಲ್ಲ. ಅಕ್ಕನಿಗೆ ಫೋನ್ ಮಾಡಿದೆ. "ಹುಳ ಇನ್ನೂ ಇದರಲ್ಲೇ ಇರಬಹುದೇನೇ?"

"ಇರ್ದೆ ಎಲ್ಲಿಗ್ ಹೋಗುತ್ತೋ? ಜ್ವರಕ್ ಕೂತಿರುತ್ತೆ, ಬಿಡು."

ಫೋಟೋಗಳನ್ನೂ ಮೂರು ಕಡೆ ನಕಲು ಮಾಡಿಟ್ಟು ನಿದ್ದೆಗೆಡುವವನು ನಾನು. ಆದರೂ ಅವತ್ತು ಎದೆ ಹೊಡೆದುಕೊಳ್ಳಲಿಲ್ಲ. ಫ್ಲಾಪಿಯನ್ನು ಮತ್ತೆ ಟ್ರಂಕಿನಲ್ಲಿ ಮಲಗಿಸಿ, ತಳದಲ್ಲಿ ಬಿದ್ದಿದ್ದ ಸುಣ್ಣದಿಂದ ಒಂದು ಚಿಟಿಕೆ ತೆಗೆದು, ಮೇಲೆ ಉದುರಿಸಿದೆ.