ಪಾಲಾಕ್ಷಪ್ಪ ತಂದ ಲೇಸರ್ ತಲೆ

ಕೊಟ್ಟೂರಿನ ಪೇಟೆಯಲ್ಲಿ ಹಂಪಕ್ಕನ ಪಾತ್ರೆ ಅಂಗಡಿಯ ಮುಂದೆ ಒಂದು ಗೋಣಿತಟ್ಟು, ಅದರ ಮೇಲೆ ಪಾಲಾಕ್ಷಪ್ಪ, ಅವನ ಕೈಯಲ್ಲಿ ಗುಂಯ್ ಎನ್ನುವ ಕರೆಂಟಿನ ಪೆನ್ನು. ಮದುವೆಗೆ, ಗೃಹಪ್ರವೇಶಕ್ಕೆ ಯಾರೇ ಕೊಡ, ಕೊಳಗ, ತಟ್ಟೆ ಕೊಂಡರೂ ಕೊಡುವವರ ಹೆಸರನ್ನು ಅವನಿಂದಲೇ ಹಾಕಿಸಬೇಕು. ಹೆಸರಿಲ್ಲದ ಪಾತ್ರೆ ಮುಯ್ಯಿಗೆ ಬಂದರೆ ತಿರುಗಿ ಕೊಡುವುದಾದರೂ ಯಾರಿಗೆ? ಹೀಗಾಗಿ ಸುತ್ತಲ ಹಳ್ಳಿಗಳ ಅಡುಗೆಮನೆಗಳಲ್ಲಿ ಒಲೆ ಇದ್ದಲ್ಲೆಲ್ಲ ಪಾಲಾಕ್ಷಪ್ಪನ ಅಕ್ಷರವೂ ಇತ್ತು.

ಬರೆಯುವುದಕ್ಕಿಂತ ಕಷ್ಟದ ಕೆಲಸ ಹೆಸರು ತಿಳಿಯುವುದು. ವಯಸ್ಸಾದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಲಂಕೆ ಸುಟ್ಟವರು ಅಂದರೆ ಹನುಮಪ್ಪ ಎಂದು ಇವನೇ ಅರ್ಥ ಮಾಡಿಕೊಳ್ಳಬೇಕು. ಅವನ ಹೆಂಡತಿ ಜಂಬಮ್ಮನೂ ಅದೇ ಪೈಕಿ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಹಣೆಯ ನಡುವೆ ಬೆರಳಿಟ್ಟು ತೋರಿಸಿ ಸುಮ್ಮನಾಗುತ್ತಾಳೆ. ಹಣೆಗಣ್ಣಿನವನು, ಪಾಲಾಕ್ಷ ಎಂದು ಅಂಗಡಿಯವನೇ ತಿಳಿದುಕೊಳ್ಳಬೇಕು.

ಇಂಥ ಪಾಲಾಕ್ಷಪ್ಪನ ಬಲಗೈ ಎರಡು ವರ್ಷದಿಂದ ನಡುಗುತ್ತಿತ್ತು. ಅಕ್ಷರ ಡೊಂಕಾದಾಗಲೆಲ್ಲ ಅವನು ವೋಲ್ಟೇಜನ್ನು ಬೈಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ನಮ್ಮ ಕಡೆ ವೋಲ್ಟೇಜನ್ನು ಬೈದರೆ ನಂಬದವರು ಯಾರು? ತಂಬ್ರಹಳ್ಳಿಯ ಬೀಗರೊಬ್ಬರಂತೂ ಅಲೆಅಲೆಯಾದ ತಮ್ಮ ಹೆಸರನ್ನು ಹೊಸ ಡಿಸೈನ್ ಎಂದೇ ಮೆಚ್ಚಿಕೊಂಡು ಹೋದರು. ಆದರೂ ಪಾಲಾಕ್ಷಪ್ಪನಿಗೆ ಎದೆಯೊಳಗೆ ಭಯವಿತ್ತು. ಕೈ ಹೋಯಿತೆಂದು ಗೊತ್ತಾದ ದಿನ ಗೋಣಿತಟ್ಟೂ ಹೋಗುತ್ತದೆ, ಅದು ಹೋದರೆ ತಾನು ಯಾರು? ಹಂಪಕ್ಕನಿಗೆ ತಿಳಿಯಬಾರದು, ಜಂಬಮ್ಮನಿಗಂತೂ ತಿಳಿಯಲೇಬಾರದು. ಅವಳ ಮೇಲೆ ಅವನಿಗೆ ಬೇರೆಯೇ ಸಿಟ್ಟಿತ್ತು. ಇತ್ತೀಚೆಗೆ ಅವಳು ಕೊಡುವ ಚಹಾ ಅರ್ಧ ಲೋಟಕ್ಕೆ ಇಳಿದಿತ್ತು. ವಯಸ್ಸಾದಂತೆ ಹೆಂಡತಿಯ ಕೈ ಬಿಗಿಯಾಗುತ್ತದೆ ಎಂದು ಅವನು ಪೇಟೆಯಲ್ಲೆಲ್ಲ ಹೇಳಿಕೊಂಡು ನಗಿಸಿದ್ದ.

ಅಷ್ಟರಲ್ಲಿ ಲೇಸರಿನಿಂದ ಹೆಸರು ಹಾಕುವ ಮಿಷನ್ನು ಬಂದಿದೆಯೆಂಬ ಸುದ್ದಿ ಅವನ ಕಿವಿಗೆ ಬಿತ್ತು. ಕೈ ಬೇಕಾಗಿಲ್ಲವಂತೆ, ಕಂಪ್ಯೂಟರ್ ಹೇಳಿದಂತೆ ಬೆಳಕೇ ಬರೆಯುತ್ತದಂತೆ. ಹರಪನಹಳ್ಳಿಯ ಗುಜರಿ ಹನುಮಣ್ಣನ ಹತ್ತಿರ, ಯಾವುದೋ ಮುಚ್ಚಿದ ಫ್ಯಾಕ್ಟರಿಯ ಸಾಮಾನಿನಲ್ಲಿ ಅಂಥದೊಂದು ಇತ್ತು. ಪಾಲಾಕ್ಷಪ್ಪ ತನ್ನ ಟಿವಿಎಸ್ ಗಾಡಿಯ ಮೇಲೆ ಹೋದ. ಬರುವಾಗ ಬಸ್ಸಿನಲ್ಲಿ, ತೊಡೆಯ ಮೇಲೆ ಕರಿಯ ಕಬ್ಬಿಣದ ಡಬ್ಬಿ ಇಟ್ಟುಕೊಂಡು ಬಂದ. ಗಾಡಿ ಕೊಟ್ಟು ಡಬ್ಬಿ ತಂದಿದ್ದಕ್ಕೆ ಜಂಬಮ್ಮ ಒಂದು ಮಾತೂ ಬೈಯಲಿಲ್ಲ. ಅದೇ ಅವನಿಗೆ ಸೋಜಿಗವಾಯಿತು.

ಡಬ್ಬಿಯ ಮೇಲೆ ಕಂಪನಿಯ ಹೆಸರಿರಲಿಲ್ಲ, ಯಾರೋ ಕೆರೆದು ಹಾಕಿದ್ದರು. ಉಳಿದದ್ದು ಹಳದಿ ತ್ರಿಕೋನದೊಳಗೆ ಕಿರಣ ಬಿಟ್ಟ ಒಂದು ಚುಕ್ಕೆ ಮಾತ್ರ. ಅಪಾಯದ ಗುರುತು ಅದು. ಪಾಲಾಕ್ಷಪ್ಪನಿಗೆ ಅದು ಸಾಕ್ಷಾತ್ ತನ್ನ ಹೆಸರಿನ ಹಣೆಗಣ್ಣಾಗಿಯೇ ಕಂಡಿತು. ಅಮಾವಾಸ್ಯೆಯ ದಿನ ಕಾಯಿ ಒಡೆದು, ಡಬ್ಬಿಯ ಗಾಜಿಗೆ ಮೂರು ಬೆರಳಿನ ವಿಭೂತಿ ಎಳೆದ. ನೂರಾರು ಗಂಡಂದಿರ ಹೆಸರು ಸುಳಿವಿನಲ್ಲೇ ಹಿಡಿದವನಿಗೆ ಈ ಕಬ್ಬಿಣದ ಹೆಸರು ಯಾವ ಲೆಕ್ಕ ಎಂದು ತಿರುವಿ ಮುರುವಿ ನೋಡಿದ. ಅದು ಯಾವ ಸುಳಿವನ್ನೂ ಕೊಡಲಿಲ್ಲ.

ಕೊನೆಗೆ ತಂಗಿಯ ಮಗಳು ಸಮತಾಳನ್ನು ಕರೆಸಿದ. ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಾಳೆ. ಅವಳು ಮೊದಲು ವಿಭೂತಿ ಒರೆಸಿದಳು, ಆಮೇಲೆ ಮುಚ್ಚಳ ಬಿಚ್ಚಿದಳು. ಒಳಗೆ ಎರಡು ಪುಟ್ಟ ಮೋಟಾರು, ಒಂದೊಂದರ ತುದಿಗೂ ಉಗುರಿನಷ್ಟು ಕನ್ನಡಿ.

“ಮಾವ, ಇದು ಬರೇ ತಲಿ. ಬೆಳಕು ಹುಟ್ಟೋ ಪೆಟಿಗಿ ಬ್ಯಾರೆ ಇರ್ತೈತಿ. ಇದು ಬೆಳಕಿಗೆ ದಾರಿ ತೋರಿಸ್ತೈತಿ ಅಷ್ಟ” ಎಂದಳು.

“ಮೈ ಬಿಟ್ಟು ತಲಿ ತಂದಾರ” ಎಂದು ಜಂಬಮ್ಮ ಒಳಗೆ ಹೋದಳು. ಗಾಡಿ ಮರಳಿ ತರೋಣವೆಂದರೆ ಅದಾಗಲೇ ಹಡಗಲಿಯ ಮಲ್ಲಿಗೆ ವ್ಯಾಪಾರಿಯ ಪಾಲಾಗಿತ್ತು.

ಸಮತಾ ಬಿಡುವವಳಲ್ಲ. ಎರಡು ಭಾನುವಾರ ಕೂತು ತಂತಿಗಳ ಜಾಡು ಹಿಡಿದು, ಇದಕ್ಕೆ ಅಂಕಿಗಳ ಭಾಷೆಯೇ ತಿಳಿಯುವುದೆಂದು ಕಂಡುಕೊಂಡಳು. ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಬಿಡುವಿಲ್ಲದೆ ಹೇಳುತ್ತಲೇ ಇರಬೇಕು, ಪ್ರತಿ ಮಾತಿನ ಕೊನೆಗೂ ಅದು ಸರಿಯಿದೆಯೆಂದು ತಾಳೆ ನೋಡುವ ಒಂದು ಅಂಕಿ ಸೇರಿಸಬೇಕು, ಅದು ತಪ್ಪಿದರೆ ಇಡೀ ಮಾತನ್ನೇ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮ ತಾಯಿಯೂ ಹೀಗೆಯೇ ಇದ್ದಳು ಎಂದ ಪಾಲಾಕ್ಷಪ್ಪ. ಮೂರನೆಯ ಭಾನುವಾರ ಬ್ಯಾಟರಿ ಜೋಡಿಸಿದಾಗ ಕನ್ನಡಿಗಳು ಟಿಕ್ಕೆಂದು ನೆಟ್ಟಗೆ ನಿಂತವು. ಪಾಠಕ್ಕೆ ಬಳಸುವ ಕೆಂಪು ಬೆಳಕಿನ ಪೆನ್ನನ್ನು ಅವಳು ತಲೆಯೊಳಕ್ಕೆ ಹಾಯಿಸಿದಳು. ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆ ಮೂಡಿತು. ತಲೆ ಮಾತು ಕೇಳುತ್ತದೋ ಇಲ್ಲವೋ ನೋಡಲು ಚುಕ್ಕೆಯನ್ನು ಸರಿಸುವ, ರೇಡಿಯೋಕ್ಕಿರುವಂಥ ಎರಡು ತಿರುಗಣೆ ಹಚ್ಚಿದ್ದಳು, ಅಡ್ಡಕ್ಕೊಂದು, ಉದ್ದಕ್ಕೊಂದು. ಮೊದಲ ಅಕ್ಷರ ತನ್ನದೇ ಆಗಬೇಕೆಂದು ಪಾಲಾಕ್ಷಪ್ಪ ಹಟ ಹಿಡಿದು ಎರಡನ್ನೂ ಹಿಡಿದುಕೊಂಡ.

ಶ್ರೀ ಎಂದು ಬರೆಯಹೊರಟ. ಎಡ ತಿರುಗಣೆಗೆ ಏಳಬೇಕಾದಲ್ಲಿ ಎದ್ದ ಚುಕ್ಕೆ, ಬಲ ತಿರುಗಣೆ ಮುಟ್ಟಿದೊಡನೆ ಅತ್ತಿತ್ತ ಹೊಯ್ದಾಡಿತು. ಬೆರಳಿನ ಕೂದಲೆಳೆಯಷ್ಟು ನಡುಕ ಗೋಡೆಯ ಮೇಲೆ ಗೇಣುದ್ದ ಆಗುತ್ತಿತ್ತು. ತಂತಿ ಸಡಿಲವಾಗಿದೆಯೆಂದು ಸಮತಾ ಎಲ್ಲವನ್ನೂ ಬಿಗಿ ಮಾಡಿದಳು. ಕೈ ತೆಗೆ ಎಂದಳು, ಚುಕ್ಕೆ ನಿಂತಿತು. ಹಿಡಿ ಎಂದಳು, ಮತ್ತೆ ನಡುಗಿತು.

“ವೋಲ್ಟೇಜು ಸರಿ ಇಲ್ಲವ್ವ” ಎಂದ ಪಾಲಾಕ್ಷಪ್ಪ.

“ಇದು ಬ್ಯಾಟರಿ ಮ್ಯಾಲ ನಡ್ಯಾಕತ್ತೈತಿ, ಮಾವ” ಎಂದಳು ಸಮತಾ, ಮೆಲ್ಲಗೆ.

ಪಾಲಾಕ್ಷಪ್ಪ ಎರಡು ವರ್ಷ ಮುಷ್ಟಿಯಲ್ಲಿ ಮುಚ್ಚಿಟ್ಟದ್ದು ಗೋಡೆಯ ತುಂಬ ಕೆಂಪಗೆ ಕುಣಿಯುತ್ತಿತ್ತು, ಅದೂ ಜಂಬಮ್ಮ ಬಾಗಿಲಲ್ಲಿ ನಿಂತಿರುವಾಗ. ಅವನಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

“ನನಗೇನು ಹೊಸಾದಲ್ಲ ಬಿಡ್ರಿ” ಎಂದಳು ಅವಳು. “ಚಹಾ ಅರ್ಧ ಲೋಟ ಯಾಕ ಹಾಕ್ತಿದ್ದೆ ಅನ್ಕೊಂಡೀರಿ? ತುಂಬ ಹಾಕಿದ್ರ ಅಂಗಿ ಮ್ಯಾಲ ಚೆಲ್ಲಿಕೊಂಡು, ಯಾರರ ನೋಡಿದ್ರೇನು ಅಂತ ಅತ್ತಿತ್ತ ನೋಡ್ತಿದ್ರಿ. ಈ ಕೈಲೆ ಗಾಡಿ ಹೊಡಿಯೋದು ತಪ್ಪಿತಲ್ಲ ಅಂತ, ಗಾಡಿ ಹೋಗಿದ್ದಕ್ಕ ಕೊಟ್ರಬಸಪ್ಪಗ ಕಾಯಿ ಒಡಿಸಿ ಬಂದೀನಿ.”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತಂತೆ. ಇಲ್ಲಿ ಬೆಕ್ಕಿಗೆ ಹಾಲು ಚೆಲ್ಲದಂತೆ ಬಟ್ಟಲು ಹಿಡಿದವಳೂ ಎದುರಿಗೇ ಇದ್ದಳು. ಪೇಟೆಯಲ್ಲಿ ತಾನು ಹೇಳಿ ನಗಿಸಿದ್ದೆಲ್ಲ ನೆನಪಾಗಿ ಪಾಲಾಕ್ಷಪ್ಪ ಎರಡೂ ತಿರುಗಣೆಗಳಿಂದ ಕೈ ತೆಗೆದ.

ಸಮತಾ ತಿರುಗಣೆ ಬಿಚ್ಚಿ ಲ್ಯಾಪ್‌ಟಾಪಿನಿಂದಲೇ ಅಕ್ಷರ ಕಳಿಸಿದಳು. ಈಗ ಗೋಡೆಯ ಮೇಲಿನ ಶ್ರೀ ಅಲುಗಲಿಲ್ಲ. ಆದರೆ ಈ ಬೆಳಕು ಸ್ಟೀಲನ್ನು ಕೊರೆಯುವಷ್ಟು ಗಟ್ಟಿಯಲ್ಲ ಎಂದು ಬೇಸರಪಟ್ಟಳು. ಜಂಬಮ್ಮ ಇಡೀ ಓಣಿಗೆ ಕೌದಿ ಹೊಲಿದುಕೊಟ್ಟವಳು. ಕೊರೆಯುವುದು ಬೇಡ, ಗೆರೆ ತೋರಿಸಿದರೆ ಸಾಕು, ಗೆರೆಯ ಮೇಲೆ ಹೋಗುವುದು ತನಗೆ ಬರುತ್ತದೆ ಎಂದಳು. ಒಳಗಿನಿಂದ ಒಂದು ದೊಡ್ಡ ಲೋಟ ತಂದು ಬೆಳಕಿನ ಕೆಳಗಿಟ್ಟು, ಗಂಡನ ಪೆನ್ನು ಕೈಗೆ ತೆಗೆದುಕೊಂಡಳು.

“ಯಾರ ಹೆಸರು ಹಾಕೂಣು ಅತ್ತಿ?” ಎಂದು ಕೇಳಿದಳು ಸಮತಾ.

ಜಂಬಮ್ಮ ಹಣೆಯ ನಡುವೆ ಬೆರಳಿಟ್ಟಳು.

ಆಮೇಲೆ ಡಾಕ್ಟರು ನೋಡಿ, ಇದು ವಂಶದಲ್ಲಿ ಬಂದ ನಡುಕ, ಜೀವಕ್ಕೇನೂ ತೊಂದರೆಯಿಲ್ಲವೆಂದು ಗುಳಿಗೆ ಕೊಟ್ಟರು. ಹಂಪಕ್ಕನ ಅಂಗಡಿಯ ಮುಂದೆ ಈಗ ಎರಡು ಗೋಣಿತಟ್ಟು. ಹೆಂಗಸರ ಸುಳಿವಿನಿಂದ ಹೆಸರು ಹಿಡಿದು ಲ್ಯಾಪ್‌ಟಾಪಿನಲ್ಲಿ ಒತ್ತುವುದು ಅವನ ಕೆಲಸ, ಬೆಳಕಿನ ಜಾಡಿನಲ್ಲಿ ಕೊರೆಯುವುದು ಅವಳದು. ಅಕ್ಷರ ಇಷ್ಟು ನೆಟ್ಟಗಾಗಿದ್ದನ್ನು ಕಂಡು ಊರಲ್ಲಿ ವೋಲ್ಟೇಜು ಸುಧಾರಿಸಿತೆಂದು ಮಾತಾಡಿಕೊಂಡರು. ಬೆಳಗಿನ ಚಹಾ ಈಗಲೂ ಅರ್ಧ ಲೋಟವೇ ಬರುತ್ತದೆ. ಲೋಟ ಮಾತ್ರ ಮೊದಲಿನದರ ಎರಡರಷ್ಟು ದೊಡ್ಡದು, ಅದರ ಮೇಲೆ ಜಂಬಮ್ಮ ಇವತ್ತಿಗೂ ಬಾಯಿಬಿಟ್ಟು ಹೇಳದ ಹೆಸರಿದೆ.