ತೂಬಿನ ಬಾಯಲ್ಲಿ ನಿಂತವನ ಗಡಿಯಾರ

ರೈತರ ನೀರಾವರಿ ಸಂಘದಲ್ಲಿ ಕಾಲುವೆಯ ತೂಬು ತೆಗೆದು ಮುಚ್ಚುವ ನೀರುಗಂಟಿಗೆ ಇಪ್ಪತ್ತೆರಡು ವರ್ಷಗಳ ಹೆಮ್ಮೆಯೊಂದಿತ್ತು. ಸಂಘದ ಅಧ್ಯಕ್ಷನೇ ಇರಲಿ, ಒಡಹುಟ್ಟಿದವಳೇ ಇರಲಿ, ಎಕರೆಗೆ ಒಂದೇ ಗಂಟೆ ನೀರು. ಮುಖ ನೋಡಿ ಮಣೆ ಹಾಕುವ ಆಸಾಮಿಯಲ್ಲ ಅವನು. ಕಾಲುವೆಯ ಕೊನೆಯಲ್ಲಿ ಒಂದೆಕರೆ ಹೊಲವಿದ್ದ ಅಕ್ಕ, "ನೀರು ಸಾಲ್ತಿಲ್ಲ ಕಣೋ" ಎಂದಾಗಲೆಲ್ಲ ಕೈಗಡಿಯಾರವನ್ನೇ ಅವಳ ಮುಖಕ್ಕೆ ಹಿಡಿದು ಬಾಯಿ ಮುಚ್ಚಿಸಿದ್ದ.

ಈ ಸಲ ಅಕ್ಕನ ಹೊಲದ ಬದು ಒಡೆದಿತ್ತು. ತೂಬಿಗೆ ಹೆಂಡತಿಯನ್ನು ನಿಲ್ಲಿಸಿ, ಬದು ಕಟ್ಟಲು ತಾನೇ ಹೋದ.

"ರೀ, ನೀರು ಬಿಟ್ಟೆ," ಎಂದು ಹೆಂಡತಿ ಫೋನ್ ಮಾಡಿದಳು.

ಅವನು ಗಡಿಯಾರ ನೋಡಿಕೊಂಡ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಕಾಲುವೆ ಒಣಗಿಯೇ ಇತ್ತು. ನಲವತ್ತನೆಯ ನಿಮಿಷಕ್ಕೆ ತರಗೆಲೆ ತಳ್ಳಿಕೊಂಡು ಬೆರಳಗಲದ ನೀರು ತೆವಳಿ ಬಂತು. ಎರಡು ಸಾಲು ನೆನೆಯುವಷ್ಟರಲ್ಲಿ ಮತ್ತೆ ಫೋನ್.

"ಗಂಟೆ ಆಯ್ತು ಕಣ್ರೀ, ಮುಚ್ಚಿಬಿಟ್ಟೆ."

ಅವನು ಕಾಲುವೆಯತ್ತ ತಿರುಗಿ ನೋಡಿದ. ಮಣ್ಣಿನ ಕಾಲುವೆ ಕುಡಿದು ಉಳಿಸಿದ್ದಷ್ಟೇ ಅಕ್ಕನ ಪಾಲು! ಇಷ್ಟು ವರ್ಷ ತೂಬಿನ ಬಾಯಲ್ಲಿ ನಿಂತು ಗಂಟೆ ನೋಡಿದ್ದನೇ ಹೊರತು, ಒಂದು ದಿನವೂ ಈ ತುದಿಯಲ್ಲಿ ನಿಂತಿರಲಿಲ್ಲ. ಹಿಡಿದ ಗುದ್ದಲಿ ಕೈಯಿಂದ ಜಾರಿತು.

ಪಕ್ಕದಲ್ಲೇ ಇದ್ದ ಅಕ್ಕ ಅದನ್ನೆತ್ತಿ ಅವನ ಕೈಗಿಟ್ಟಳು.

"ಯಾಕೋ ಹಂಗೆ ನಿಂತ್ಬಿಟ್ಟೆ? ನಿನ್ನ ಗಡಿಯಾರ ಸರಿಯಾಗೇ ಇದೆ, ಬಿಡು."