ಹಿತ್ತಾಳೆ ಬಿಲ್ಲೆಗಳ ಗುಪ್ತ ಮತದಾನ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹೈದರಾಬಾದಿನ ಉಪ್ಪಲ್ ಬಳಿಯ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಪರ್ಸೊನೆಲ್ ಆಫೀಸರ್ ಆಗಿದ್ದೆ. ನಮ್ಮ ಜನರಲ್ ಮ್ಯಾನೇಜರ್ ಧಾರವಾಡದ ಕಡೆಯವರು, ವಿದ್ವಾಂಸರು. ಮನುಷ್ಯ ಹುಟ್ಟಿನಿಂದಲೇ ಸ್ವತಂತ್ರ, ಆಳುವವನಿಗೆ ಅಧಿಕಾರ ಬರುವುದು ಜನರ ಒಪ್ಪಿಗೆಯಿಂದ, ಮತ ಗುಪ್ತವಾಗಿಯೇ ಇರಬೇಕು ಎಂದು ತಾರ್ನಾಕ ಬಡಾವಣೆಯ ಸಭೆಗಳಲ್ಲಿ ಗಂಟೆಗಟ್ಟಲೆ ಉಪನ್ಯಾಸ ಕೊಡುತ್ತಿದ್ದರು. ಕ್ಯಾಂಟೀನಿನವರೂ ಮನುಷ್ಯರ ಲೆಕ್ಕಕ್ಕೆ ಬರುತ್ತಾರೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ಕಾರ್ಮಿಕರ ಪ್ರತಿನಿಧಿಗಳು ಆಡಳಿತದ ಜೊತೆ ಕೂರುವ ವರ್ಕ್ಸ್ ಕಮಿಟಿಗೆ ಪ್ರತಿಸಲ ಸಾಹೇಬರ ಪಟ್ಟಿಯೇ ‘ಅವಿರೋಧ’ವಾಗಿ ಆಯ್ಕೆಯಾಗುತ್ತಿತ್ತು. ಆ ವರ್ಷ ಕ್ಯಾಂಟೀನಿನ ಮಲ್ಲಮ್ಮ, ಬೀದರಿನ ಹೆಂಗಸು, ನಾಮಪತ್ರ ಹಾಕಿದಳು. ಅವಳ ಜೊತೆಯವಳೊಬ್ಬಳನ್ನು ಕಾರಣ ಹೇಳದೆ ಮನೆಗೆ ಕಳಿಸಿದ್ದೆವು. ಕೆಲಸದಿಂದ ತೆಗೆಯುವ ಮೊದಲು ಮಾತಾದರೂ ಕೇಳಿ ಎಂಬುದಷ್ಟೇ ಮಲ್ಲಮ್ಮನ ಬೇಡಿಕೆ.

ಸಾಹೇಬರು ನನ್ನನ್ನು ಕರೆಸಿದರು. “ಬ್ಯಾಲೆಟ್ ಹಿಂದ ಟೋಕನ್ ನಂಬರ್ ಬರೀರಿ.”

“ಗುಪ್ತ ಮತದಾನ ಅಲ್ಲೇನ್ರಿ ಸರ್?”

“ಗುಪ್ತನೇ ಇರಲಿ. ನಮಗಷ್ಟ ಗೊತ್ತಾದ್ರ ಸಾಕು.”

ಟೋಕನ್ ಎಂದರೆ ಗೇಟಿನ ಬೋರ್ಡಿಗೆ ತೂಗುವ, ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಒಳಗೆ ಬರುವವನು ಅದನ್ನು ತೆಗೆದುಕೊಂಡರೆ ಹಾಜರಿ. ಬಿಲ್ಲೆ ತಂದವರಿಗೆ ಬ್ಯಾಲೆಟ್, ಹೆಸರು ಕೇಳುವ ಅಗತ್ಯವಿಲ್ಲ ಎಂದು ನಿಯಮ ಬರೆದವನು ನಾನೇ. ಬಿಲ್ಲೆಯೇ ಮನುಷ್ಯ ಎಂಬುದು ಆಗ ನನ್ನ ಸಿದ್ಧಾಂತ.

ಮತದಾನದ ಬೆಳಿಗ್ಗೆ ಮಲ್ಲಮ್ಮ ನನ್ನ ಮೇಜಿನ ಮೇಲಿಟ್ಟ ಬಿಲ್ಲೆ ಲೇತ್ ವಿಭಾಗದ್ದು. ಹಿಂದಿದ್ದವನ ಕೈಯಲ್ಲಿ ಕ್ಯಾಂಟೀನಿನದು. ನಂಬರು ಬರೆಯುವ ಸುದ್ದಿ ಹೇಗೋ ಹೊರಬಿದ್ದು, ಎಲ್ಲರೂ ಬೋರ್ಡಿನಿಂದ ಕೈಗೆ ಸಿಕ್ಕ ಬಿಲ್ಲೆ ಎತ್ತಿಕೊಂಡಿದ್ದರು. ಸಾಹೇಬರ ಕಡೆಯವರು ತಡವಾಗಿ ಬಂದು, ಹಾಜರಿ ತಪ್ಪೀತೆಂದು, ಉಳಿದವನ್ನು ತೆಗೆದುಕೊಂಡು ಬಾಯಿ ಮುಚ್ಚಿಕೊಂಡಿದ್ದರು.

“ಇದೇನು ಮಲ್ಲಮ್ಮ?”

“ಬಿಲ್ಲಿ ತಂದವ್ರಿಗೆ ಓಟು ಅಂತ ನೀವ ಬರದೀರಿ. ತಂದೀನಲ್ರಿ ಸಾಹೇಬ್ರ.”

ನಿಯಮ ನಿಯಮವೇ. ಬಿಲ್ಲೆಯ ನಂಬರನ್ನು ಹಿಂದೆ ಬರೆದು ಬ್ಯಾಲೆಟ್ ಕೊಟ್ಟೆ.

ಮಲ್ಲಮ್ಮ ಗೆದ್ದಳು. ಯಾರ್ಯಾರು ಅವಳಿಗೆ ಹಾಕಿದರೆಂಬ ಪಟ್ಟಿ ಸಾಹೇಬರಿಗೆ ಬೇಕಿತ್ತು. ನಂಬರು ನೋಡಿ ಬರೆದುಕೊಟ್ಟೆ. ಮೊದಲ ಹೆಸರು ಅವರದೇ ಡ್ರೈವರನದು, ಎರಡನೆಯದು ಅವರ ಉಪನ್ಯಾಸಗಳನ್ನು ಟೈಪ್ ಮಾಡುವ ಗುಮಾಸ್ತನದು. ಡ್ರೈವರನ್ನು ಕರೆಸಿ ಕೇಳಿದರು: “ಯಾರಿಗೆ ಹಾಕಿದ್ಯೋ?”

ಅವನು ಬಾಗಿಲ ಬಳಿ ಕೈಕಟ್ಟಿ ನಿಂತ. “ಅದನ್ನ ಯಾರೂ ಕೇಳಬಾರದು ಅಂತ ತಾರ್ನಾಕದಾಗ ನೀವ ಭಾಷಣ ಮಾಡಿದ್ರಲ್ರಿ. ನಾನ ಗಾಡಿಯಾಗ ನಿಮ್ಮನ್ನ ಕರಕೊಂಡು ಹೋಗಿದ್ದೆ.”

ಸಾಹೇಬರು ಪಟ್ಟಿಯನ್ನು ನಾಲ್ಕಾಗಿ ಹರಿದರು. ಮನೆಗೆ ಕಳಿಸಿದ್ದವಳನ್ನು ಕಮಿಟಿಯ ಮೊದಲ ಸಭೆಗೇ ಕರೆಸಿ ಅವಳ ಮಾತು ಕೇಳಬೇಕಾಯಿತು. ಮರುವಾರ ಅವಳು ಕ್ಯಾಂಟೀನಿಗೆ ವಾಪಸಾದಳು.

ನೌಕರಿ ನನಗೆ ಕಲಿಸಿದ್ದು ಇಷ್ಟು: ವೇದಿಕೆಯ ಮೇಲೆ ಯಾರಾದರೂ ಜನರ ಹಕ್ಕುಗಳ ಬಗ್ಗೆ ಗದ್ಗದಿತರಾದರೆ ಅವರ ಜೇಬಿನಲ್ಲಿ ಪಟ್ಟಿಯೊಂದು ಇದೆಯೇ ಎಂದು ನೋಡಬೇಕು. ಸಾಮಾನ್ಯವಾಗಿ ಇರುತ್ತದೆ. ಬರೆದುಕೊಟ್ಟವನು ನನ್ನಂಥವನೇ ಆಗಿರುತ್ತಾನೆ.